ಯಾರ ಎದುರಿನ ಮುಖ?



ಈ ಉಪನ್ಯಾಸದ ದತ್ತಿಯ ಆಶಯದಲ್ಲಿ ‘ಸಂಸ್ಕೃತಿ ಮತ್ತು ಸೌಂದರ್ಯ’ ಎಂದಷ್ಟೇ ಬರೆದಿದೆ. ಇಷ್ಟು ಅಗಲದ ವಿಷಯ ಸಿಕ್ಕರೆ ನಮ್ಮಂಥವರು ಭರತನಿಂದ ಹೊರಟು ಕುವೆಂಪು ಅವರವರೆಗೆ ನಡೆದು, ಗಂಟೆ ನೋಡಿ ನಿಲ್ಲಿಸುವುದು ರೂಢಿ. ನಾನು ಭರತನನ್ನು ನಡುವೆ ಎಲ್ಲಾದರೂ ಕರೆಯುತ್ತೇನೆ. ಶುರುಮಾಡುವುದು ಮಾತ್ರ ಕಣ್ಣಿನ ರೆಪ್ಪೆಯಿಂದ.

1954ರಲ್ಲಿ, ಕೊರಿಯಾದ ಯುದ್ಧ ನಿಂತ ಮರುವರ್ಷ, ರಾಲ್ಫ್ ಮಿಲ್ಲಾರ್ಡ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಸೇನೆಯ ಜೊತೆ ಆ ದೇಶಕ್ಕೆ ಹೋಗಿದ್ದರು. ಸುಟ್ಟ ಮುಖಗಳನ್ನು, ಸೀಳುತುಟಿಯ ಮಕ್ಕಳನ್ನು ಸರಿಪಡಿಸುವುದು ಅವರ ಕೆಲಸ. ಅವರ ಬಳಿಗೆ ಒಬ್ಬ ಕೊರಿಯನ್ ದುಭಾಷಿ ಬಂದ. ಇಂಗ್ಲಿಷನ್ನು ಸೊಗಸಾಗಿ ಆಡಬಲ್ಲವನು. ಗಾಯವಿಲ್ಲ, ರೋಗವಿಲ್ಲ. ತನ್ನ ಕಣ್ಣನ್ನು ದುಂಡಗೆ ಮಾಡಿಕೊಡಬೇಕೆಂದು ಕೇಳಿದ. ಕಾರಣವನ್ನೂ ಹೇಳಿದ: ಕಣ್ಣು ಕಿರಿದಾಗಿರುವುದರಿಂದ ತನ್ನ ಮನಸ್ಸಿನಲ್ಲಿ ಏನು ನಡೆದಿದೆ ಎಂದು ಅಮೆರಿಕನ್ನರಿಗೆ ತಿಳಿಯುವುದಿಲ್ಲ, ತಿಳಿಯದ್ದಕ್ಕೆ ಅವರು ತನ್ನನ್ನು ನಂಬುವುದಿಲ್ಲ. ಮಿಲ್ಲಾರ್ಡರಿಗೆ ಈ ಮಾತು ಒಪ್ಪಿಗೆಯಾಯಿತು. ಶಸ್ತ್ರಚಿಕಿತ್ಸೆ ಮಾಡಿದರು. 1955ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅದರ ಬಗ್ಗೆ ಬರೆದರು. ಮೇಲ್ರೆಪ್ಪೆಯಲ್ಲಿ ಮಡಿಕೆ ಇಲ್ಲದಿದ್ದರೆ ಮುಖ ನಿಶ್ಚೇಷ್ಟವಾಗಿ ಕಾಣುತ್ತದೆ, ಪೌರ್ವಾತ್ಯರ ನಿರ್ಭಾವುಕ ಸ್ವಭಾವವೇ ಅದರಲ್ಲಿ ಮೂಡಿದಂತಿರುತ್ತದೆ ಎಂಬುದು ಅಲ್ಲಿನ ಅವರ ಅಭಿಪ್ರಾಯದ ಸಾರ.

ಈ ಮನುಷ್ಯನನ್ನು ಖಳನಾಯಕನನ್ನಾಗಿ ಮಾಡುವುದು ಸುಲಭ, ಆದರೆ ಸರಿಯಲ್ಲ. ಸೀಳುತುಟಿಯನ್ನು ಜೋಡಿಸಲು ಅವರು ರೂಪಿಸಿದ ವಿಧಾನ ಇವತ್ತಿಗೂ ಜಗತ್ತಿನ ಮೂಲೆಮೂಲೆಯ ಆಪರೇಷನ್ ಥಿಯೇಟರುಗಳಲ್ಲಿ ಬಳಕೆಯಲ್ಲಿದೆ. ನಮ್ಮ ರಾಜ್ಯದಲ್ಲೂ ಆ ವಿಧಾನದಿಂದ ನೆಟ್ಟಗೆ ನಗಲು ಕಲಿತ ಮಕ್ಕಳು ಬೇಕಾದಷ್ಟಿದ್ದಾರೆ. ವೈದ್ಯರ ಕೈ ಒಳ್ಳೆಯದು. ಕಣ್ಣಿನ ಬಗ್ಗೆ ನನಗೊಂದು ತಕರಾರಿದೆ, ಅಷ್ಟೆ.

ಮಡಿಕೆಯಿಲ್ಲದ ರೆಪ್ಪೆಯೇ ‘ಏಷ್ಯಾದ ಕಣ್ಣು’ ಎಂಬ ಎಣಿಕೆ ಮೊದಲೇ ತಪ್ಪು. ಜಪಾನ್, ಕೊರಿಯಾ, ಚೀನಾಗಳಲ್ಲಿ ಬಹಳಷ್ಟು ಜನಕ್ಕೆ ಹುಟ್ಟಿನಿಂದಲೇ ಮಡಿಕೆ ಇರುತ್ತದೆ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬರಿಗಿದ್ದು ಇನ್ನೊಬ್ಬರಿಗಿಲ್ಲದೆ ಇರಬಹುದು. ಇಂಥ ಚಿಕಿತ್ಸೆಯನ್ನು ಮಿಲ್ಲಾರ್ಡರೇ ಹುಟ್ಟುಹಾಕಿದರೆಂಬ ಮಾತೂ ನಿಲ್ಲುವುದಿಲ್ಲ. 1896ರಲ್ಲೇ ಮಿಕಾಮೊ ಎಂಬ ಜಪಾನಿ ವೈದ್ಯರು, ರೆಪ್ಪೆಯನ್ನು ಕತ್ತರಿಸದೆ ಹೊಲಿಗೆಯಿಂದಲೇ ಮಡಿಕೆ ಮೂಡಿಸುವ ಕ್ರಮವನ್ನು ಪ್ರಕಟಿಸಿದ್ದರು. ಆ ಹೊತ್ತಿಗೆ ಜಪಾನಿನ ಮೇಜಿ ಸರ್ಕಾರ ಕಾಲು ಶತಮಾನದಿಂದ ಪಾಶ್ಚಾತ್ಯ ಉಡುಪು, ಪಾಶ್ಚಾತ್ಯ ಕ್ಷೌರಗಳನ್ನು ಪ್ರೋತ್ಸಾಹಿಸಿಕೊಂಡು ಬಂದಿತ್ತು. ಹಲ್ಲಿಗೆ ಕಪ್ಪು ಹಚ್ಚಿಕೊಳ್ಳುವುದು ಅಲ್ಲಿನ ಮುತ್ತೈದೆಯರ ಹಳೆಯ ಅಲಂಕಾರ; 1870ರ ದಶಕದಲ್ಲಿ ಮಹಾರಾಣಿಯೇ ಅದನ್ನು ಬಿಟ್ಟಿದ್ದರು. ನಿನ್ನೆಯವರೆಗೆ ಮರ್ಯಾದೆಯ ಗುರುತಾಗಿದ್ದ ಕಪ್ಪು ಹಲ್ಲು, ಪರದೇಶದವರು ಮುಖ ಸಿಂಡರಿಸಿದ ಮೇಲೆ, ನಾಚಿಕೆಯ ಗುರುತಾಯಿತು.

ಮುಖದಲ್ಲಿ ಭಾವ ಕಾಣುವುದಿಲ್ಲ ಎಂಬ ದೂರಿಗೆ ಬರುತ್ತೇನೆ. ನನಗೆ ಹೇಳಬೇಕಾಗಿರುವುದು ಇದರಲ್ಲೇ ಇದೆ.

ಮಿಲ್ಲಾರ್ಡರು ಹೋಗಿದ್ದು ಯಾವ ದೇಶಕ್ಕೆ? ಅಳುವುದಕ್ಕೆ ಶಾಸ್ತ್ರವಿರುವ ದೇಶಕ್ಕೆ. ಕೊರಿಯಾದ ಸಾಂಪ್ರದಾಯಿಕ ಸಾವಿನ ಮನೆಯಲ್ಲಿ ಹಿರಿಯ ಮಗ ಒರಟು ನಾರುಬಟ್ಟೆ ಉಟ್ಟು, ಕೋಲೂರಿ ನಿಲ್ಲುತ್ತಾನೆ. ತಂದೆ ಸತ್ತರೆ ಬಿದಿರಿನ ಕೋಲು, ತಾಯಿಗೆ ಬೇರೆ ಮರದ್ದು. ಬಂದವರ ಎದುರು ಅವನು ದನಿಯೆತ್ತಿ ‘ಐಗೋ ಐಗೋ’ ಎಂದು ಗೋಳಿಡಬೇಕು. ದೂರದ ನೆಂಟರು ಬೇರೊಂದು ಸ್ವರದಲ್ಲಿ ‘ಒಯಿ ಒಯಿ’ ಎನ್ನಬೇಕು. ಹತ್ತಿರದವರ ಅಳು ಯಾವುದು, ದೂರದವರ ಅಳು ಯಾವುದು ಎಂಬುದು ಗೋಡೆಯಾಚೆ ನಿಂತವರಿಗೂ ಗೊತ್ತಾಗುತ್ತದೆ. ಇದನ್ನು ‘ಗೋಕ್’ ಎನ್ನುತ್ತಾರೆ. ಅಳದ ಮಗ ಮಗನೇ ಅಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಣದ ಸುತ್ತ ಕೂತ ಹೆಂಗಸರು ಸತ್ತವರ ಗುಣಗಳನ್ನು ಹಾಡಿಕೊಂಡು ಅಳುವುದನ್ನು ಕೇಳಿದವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಮೂರು ವರ್ಷದ ಯುದ್ಧದಲ್ಲಿ ಲಕ್ಷಗಟ್ಟಲೆ ಜನ ಸತ್ತ ನಾಡಿನಲ್ಲಿ ಇಂಥ ಅಳು ಎಷ್ಟು ಮನೆಗಳಲ್ಲಿ ಕೇಳಿರಬೇಡ! ಹಾಗಿದ್ದೂ ಅಲ್ಲಿಂದ ವೈದ್ಯರು ಹೊತ್ತುಕೊಂಡು ಬಂದದ್ದು ‘ನಿರ್ಭಾವುಕರು’ ಎಂಬ ತೀರ್ಮಾನವನ್ನು.

ಏಕೆ ಹೀಗಾಯಿತು? ಅವರ ಎದುರು ಬಂದ ಕೊರಿಯನ್ನರು ಹೆಚ್ಚಾಗಿ ರೋಗಿಗಳು, ಆಳುಗಳು, ದುಭಾಷಿಗಳು. ಅಮೆರಿಕದ ಸಮವಸ್ತ್ರದ ಮುಂದೆ ನಿಂತವರು. ಅಂಥ ಸಮವಸ್ತ್ರದ ಮುಂದೆ ಮುಖ ಬಿಗಿಹಿಡಿಯದವರು ಯಾರು? ದುಭಾಷಿಯ ಕೆಲಸವಂತೂ ಇಬ್ಬರ ನಡುವೆ ತಾನಿಲ್ಲದಂತೆ ಇರುವುದು. ಅವನು ತನ್ನ ಮುಖದಲ್ಲಿ ಸಿಟ್ಟನ್ನೋ ನಗುವನ್ನೋ ತೋರಿಸಿದರೆ ಕೆಲಸ ಕೆಟ್ಟಂತೆಯೇ. ವೈದ್ಯರು ನೋಡಿದ ಚಿತ್ರದಲ್ಲಿ ಒಂದು ಆಕೃತಿ ಬಿಟ್ಟುಹೋಗಿತ್ತು: ವೈದ್ಯರದ್ದೇ. ಎದುರಿನವನ ಮುಖ ಕಲ್ಲಾಗಿರುವುದಕ್ಕೆ ತಾವು ಎದುರಿಗಿರುವುದೂ ಒಂದು ಕಾರಣವಾಗಿರಬಹುದು ಎಂದು ಅವರಿಗೆ ಹೊಳೆಯಲಿಲ್ಲ. ಕಾರಣ ರೆಪ್ಪೆಯಲ್ಲಿ ಸಿಕ್ಕಿತು. ರೆಪ್ಪೆಯಾದರೆ ಹೊಲಿಯಬಹುದು.

ಹೀಗೆ ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಹಿಂದಿನ, ಮುಂದಿನ ಹಲವು ಪ್ರಸಂಗಗಳಲ್ಲೂ ಇದೇ ಆಕೃತಿ ಬಿಟ್ಟುಹೋಗಿರುವುದು ಕಾಣತೊಡಗುತ್ತದೆ. ಲಫ್ಕಾಡಿಯೊ ಹರ್ನ್ 1890ರಲ್ಲಿ ಜಪಾನಿಗೆ ಬಂದು, ಅಲ್ಲೇ ಮದುವೆಯಾಗಿ, ಜಪಾನಿ ಹೆಸರನ್ನೂ ಪ್ರಜೆಯ ಹಕ್ಕನ್ನೂ ಪಡೆದ ಲೇಖಕ. ಜಪಾನಿಗಳ ಮುಗುಳ್ನಗೆಯ ಮೇಲೆ ಅವನು ಬರೆದ ಪ್ರಬಂಧ ಬಹಳ ಹೆಸರುವಾಸಿ. ಯೊಕೊಹಾಮಾದ ಒಬ್ಬ ವಿದೇಶಿ ಯಜಮಾನಿಯ ದೂರು ಅದರಲ್ಲಿ ಬರುತ್ತದೆ. ಅವಳ ಮನೆಯ ಜಪಾನಿ ಆಯಾ ನಗುತ್ತಾ ಬಂದು, ಗಂಡ ತೀರಿಕೊಂಡಿದ್ದಾನೆ, ಅಂತ್ಯಕ್ರಿಯೆಗೆ ಹೋಗಿಬರಲು ಅಪ್ಪಣೆ ಬೇಕು ಎಂದಳಂತೆ. ಸಂಜೆ ಬೂದಿಯ ಪಾತ್ರೆ ಹಿಡಿದು ಬಂದು, ಇವನೇ ನನ್ನ ಗಂಡ ಎಂದು ತೋರಿಸಿ ನಕ್ಕಳಂತೆ. ಇಂಥ ಅಸಹ್ಯದ ಪ್ರಾಣಿಗಳ ಬಗ್ಗೆ ಎಲ್ಲಾದರೂ ಕೇಳಿದ್ದೀರಾ ಎಂಬುದು ಯಜಮಾನಿಯ ಪ್ರಶ್ನೆ. ಹರ್ನ್ ಸಹೃದಯಿ. ತನ್ನ ದುಃಖದ ಭಾರವನ್ನು ಇನ್ನೊಬ್ಬರ ಮೇಲೆ ಹೇರಬಾರದು ಎಂಬ ಸಂಸ್ಕಾರವೇ ಆ ನಗೆ ಎಂದು ಬಿಡಿಸಿ ಹೇಳುತ್ತಾನೆ. ಹೇಳಿದ್ದು ಸರಿಯೇ. ಆದರೆ ಆಯಾಳಿಗೆ ಅವತ್ತು ರಜೆ ಬೇಕಿತ್ತು, ನಾಳೆ ಸಂಬಳ ಬೇಕಿತ್ತು ಎಂಬುದನ್ನು ಅವನು ಲೆಕ್ಕಕ್ಕೆ ತರುವುದಿಲ್ಲ. ಅವಳು ತನ್ನ ತಾಯಿಯ ಮಡಿಲಲ್ಲಿ ಮುಖವಿಟ್ಟು ಏನು ಮಾಡಿದಳು ಎಂಬುದನ್ನು ಯಜಮಾನಿಯೂ ಕಾಣಲಿಲ್ಲ, ಹರ್ನನೂ ಕಾಣಲಿಲ್ಲ.

ಪ್ರಯೋಗಾಲಯದಲ್ಲೂ ಇದೇ ಕಥೆ. 1970ರ ಸುಮಾರಿಗೆ ಪಾಲ್ ಎಕ್‌ಮನ್ ಮತ್ತು ವ್ಯಾಲೆಸ್ ಫ್ರೀಸನ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಮತ್ತು ಜಪಾನಿನ ವಿದ್ಯಾರ್ಥಿಗಳಿಗೆ ನೋಡಲು ಹಿಂಸೆಯಾಗುವಂಥ ಕಿರುಚಿತ್ರಗಳನ್ನು ತೋರಿಸಿ ಅವರ ಮುಖಗಳನ್ನು ಗುಟ್ಟಾಗಿ ಚಿತ್ರೀಕರಿಸಿದರು. ಒಬ್ಬರೇ ಕೂತು ನೋಡುವಾಗ ಎರಡೂ ಕಡೆಯವರ ಮುಖದಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ಅಸಹ್ಯ, ನೋವು. ಪ್ರಯೋಗ ನಡೆಸುವವರು ಜೊತೆಗೆ ಬಂದು ಕೂತಾಗ ಜಪಾನಿ ವಿದ್ಯಾರ್ಥಿಗಳು ನಗೆಯನ್ನು ಹೊದ್ದುಕೊಂಡರು. ಈ ಪ್ರಯೋಗದ ಅರ್ಥವೇನು ಎಂಬುದರ ಬಗ್ಗೆ ಆಮೇಲೆ ಜಗಳಗಳೂ ಆಗಿವೆ. ಪಠ್ಯಪುಸ್ತಕಗಳು ಅದನ್ನು ‘ಜಪಾನಿಗಳು ಭಾವವನ್ನು ಮುಚ್ಚಿಡುತ್ತಾರೆ’ ಎಂದು ಒಂದು ಸಾಲಿಗೆ ಇಳಿಸಿಬಿಟ್ಟಿವೆ. ನನಗೆ ಅದರಲ್ಲಿ ಕಾಣುವುದು ಇಷ್ಟು: ಮೇಲಿನವರೊಬ್ಬರು ಬಂದು ಕೂತರು, ಮುಖ ಬದಲಾಯಿತು.

ಹಾಗಾದರೆ ಎಲ್ಲವೂ ಯಜಮಾನ-ಆಳಿನ ಸಂಬಂಧವೇ, ಸಂಸ್ಕೃತಿ ಎಂಬುದು ಬರೀ ಸುಳ್ಳೇ ಎಂದು ನೀವು ಕೇಳಬಹುದು. ಅಷ್ಟು ದೂರ ನಾನು ಹೋಗುವುದಿಲ್ಲ. ಸ್ಟ್ಯಾನ್‌ಫರ್ಡಿನ ಜೀನ್ ತ್ಸಾಯ್ ಮತ್ತು ಅವರ ಸಂಗಡಿಗರು ತೈವಾನ್ ಹಾಗೂ ಅಮೆರಿಕದಲ್ಲಿ ಹೆಚ್ಚು ಮಾರಾಟವಾಗುವ ಮಕ್ಕಳ ಕಥೆಪುಸ್ತಕಗಳನ್ನು ಎದುರುಬದುರಾಗಿಟ್ಟು ನೋಡಿದರು. ಅಮೆರಿಕದ ಪುಸ್ತಕಗಳಲ್ಲಿ ಪಾತ್ರಗಳ ನಗೆ ಹೆಚ್ಚು ಅಗಲ, ಕುಣಿತ ಹೆಚ್ಚು. ಪುಟ್ಟ ಮಕ್ಕಳನ್ನು ಕೇಳಿದಾಗ ಅಮೆರಿಕದವರಿಗಿಂತ ತೈವಾನಿನವರಿಗೆ ಶಾಂತವಾದ ನಗೆ ಹೆಚ್ಚು ಇಷ್ಟವಾಯಿತು. ಸಂತೋಷವೆಂದರೆ ಕುಪ್ಪಳಿಸುವುದೋ ನೆಮ್ಮದಿಯಾಗಿ ಕೂರುವುದೋ ಎಂಬುದನ್ನು ಮಗು ಅಕ್ಷರ ಕಲಿಯುವ ಮೊದಲೇ ಕಲಿಯುತ್ತದೆ. ಮೂರು ನಾಲ್ಕು ವರ್ಷದ ಕೂಸಿಗೆ ಯಾವ ಸಮವಸ್ತ್ರದ ಭಯ? ಇಲ್ಲಿ ವ್ಯತ್ಯಾಸ ನಿಜವಾದದ್ದು. ಗಮನಿಸಬೇಕಾದ್ದು, ಈ ಅಧ್ಯಯನ ಕೇಳಿದ್ದು ಯಾವ ಭಾವ ನಿನಗಿಷ್ಟ ಎಂದು. ನಿನಗೆ ಭಾವವಿದೆಯೇ ಎಂದು ಕೇಳಲಿಲ್ಲ.

ನಮ್ಮ ಭರತನನ್ನು ಈಗ ಕರೆಯಬಹುದು. ನಾಟ್ಯಶಾಸ್ತ್ರದಲ್ಲಿ ನಗೆಗೆ ಆರು ಬಗೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಮೊದಲೆರಡು ಉತ್ತಮರಿಗೆ, ನಡುವಿನೆರಡು ಮಧ್ಯಮರಿಗೆ, ಕೊನೆಯೆರಡು ಅಧಮರಿಗೆ. ಸ್ಮಿತದಲ್ಲಿ ಕೆನ್ನೆ ಚೂರು ಅರಳಬೇಕು, ಹಲ್ಲು ಕಾಣಕೂಡದು. ಅತಿಹಸಿತದಲ್ಲಿ ಕಣ್ಣೀರು ಸುರಿಯುತ್ತದೆ, ಪಕ್ಕೆ ಹಿಡಿದುಕೊಳ್ಳಬೇಕಾಗುತ್ತದೆ. ಅಂದರೆ ಹಲ್ಲು ತೋರಿಸುವುದಕ್ಕೂ ಅಂತಸ್ತಿಗೂ ಇರುವ ನಂಟನ್ನು ಕಂಡುಹಿಡಿಯಲು ನಾವು ಜಪಾನಿಗೆ ಹೋಗಬೇಕಿರಲಿಲ್ಲ. ಅದೇ ಭರತ ಎಂಟು ಸಾತ್ವಿಕ ಭಾವಗಳನ್ನು ಹೇಳುವಾಗ ಮೊದಲು ಇಡುವುದು ಸ್ತಂಭವನ್ನು, ಮರಗಟ್ಟಿ ನಿಲ್ಲುವುದನ್ನು. ಕಣ್ಣೀರು ಏಳನೆಯದು. ಅಲುಗದ ಮೈಯೂ ಭಾವದ ಗುರುತೇ ಎಂದು ಒಪ್ಪಿದ ಶಾಸ್ತ್ರ ನಮ್ಮ ಕೈಯಲ್ಲಿದ್ದೂ, ಅಳುವ ಗಂಡಸನ್ನು ನಗುವ ಹೆಂಗಸನ್ನು ನಂಬಬೇಡ ಎಂಬ ಗಾದೆಯನ್ನೇ ನಾವು ಹೆಚ್ಚು ಬಳಸಿದ್ದೇವೆ.

ನಮ್ಮ ಮನೆಗಳ ಹೆಣ್ಣು ನೋಡುವ ಶಾಸ್ತ್ರವನ್ನೇ ನೋಡಿ. ನಡುಮನೆಯಲ್ಲಿ ಏಳೆಂಟು ಜನ ಪರಕೀಯರು, ಕೈಯಲ್ಲಿ ಉಪ್ಪಿಟ್ಟು-ಕೇಸರಿಬಾತಿನ ತಟ್ಟೆ. ಹುಡುಗಿ ಕಾಫಿ ತಂದು ಕೊಡುತ್ತಾಳೆ, ಚಾಪೆಯ ಅಂಚಿನಲ್ಲಿ ಕೂರುತ್ತಾಳೆ, ಕೇಳಿದ್ದಕ್ಕೆ ಎರಡು ಮಾತಿನಲ್ಲಿ ಉತ್ತರ ಕೊಡುತ್ತಾಳೆ. ಹಾಗೆಯೇ ಮಾಡಬೇಕೆಂದು ಬೆಳಗಿನಿಂದ ನಾಲ್ಕು ಜನ ಹೇಳಿಕೊಟ್ಟಿರುತ್ತಾರೆ. ಗಂಡಿನ ಕಡೆಯವರು ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ತೀರ್ಪು ಬಂದಿರುತ್ತದೆ: ‘ಬಣ್ಣ ಸ್ವಲ್ಪ ಕಮ್ಮಿ, ಆದ್ರೂ ಲಕ್ಷಣವಾಗಿದ್ದಾಳೆ. ಬಹಳ ಸೌಮ್ಯ, ಜಾಸ್ತಿ ಮಾತಿಲ್ಲ.’ ರೂಪಕ್ಕೂ ಸ್ವಭಾವಕ್ಕೂ ಒಂದೇ ಸಲಕ್ಕೆ ಅಂಕ ಬಿತ್ತು. ಆ ಸೌಮ್ಯ ಹುಡುಗಿ ಕೋಣೆಯ ಬಾಗಿಲು ಹಾಕಿಕೊಂಡು, ವರನ ಮೀಸೆಯನ್ನು ತಂಗಿಗೆ ಅಭಿನಯಿಸಿ ತೋರಿಸುತ್ತಿರುವಾಗ ಈ ತೀರ್ಪುಗಾರರು ಅಲ್ಲಿರುವುದಿಲ್ಲ. ಯೊಕೊಹಾಮಾದ ಯಜಮಾನಿಯನ್ನು ನೋಡಿ ನಗುವ ಮೊದಲು ನಮ್ಮ ನಡುಮನೆಗಳ ನೆನಪಿದ್ದರೆ ಒಳ್ಳೆಯದು. ಬಣ್ಣದ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ: 1975ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ಯಾಯಿತು. ವಧೂವರರ ಜಾಹೀರಾತುಗಳು ಅಷ್ಟು ಬೇಗ ಹೆಸರು ಬದಲಿಸಿಕೊಂಡಿಲ್ಲ.

ಮುಖದಿಂದ ಗುರುತಿಗೆ ಬರೋಣ. ಏಷ್ಯಾ ಎಂಬ ಗುರುತನ್ನು ಕಟ್ಟಿದ್ದರಲ್ಲಿ ಪರದೇಶದವರ ಪಾಲು ಎಷ್ಟಿದೆಯೋ ಒಳಗಿನವರದ್ದೂ ಅಷ್ಟಿದೆ. ಒಕಾಕುರಾ ಎಂಬ ಜಪಾನಿ ಕಲಾಪಂಡಿತರು ಭಾರತದಲ್ಲಿ ಉಳಿದು, ವಿವೇಕಾನಂದರನ್ನೂ ಟಾಗೂರರ ಮನೆಯವರನ್ನೂ ಕಂಡು, 1903ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಖಂಡವೆಲ್ಲ ಒಂದೇ ಆತ್ಮದ್ದು ಎಂದು ವಾದಿಸಿದರು. ಅದಕ್ಕೂ ಮುಂಚೆ, 1900ರ ಹೊತ್ತಿಗೆ, ನಿಟೊಬೆ ಇನಾಜೊ ಎಂಬ ಜಪಾನಿ ವಿದ್ವಾಂಸರು ಅಮೆರಿಕದಲ್ಲಿದ್ದುಕೊಂಡು ‘ಬುಷಿಡೊ’, ಅಂದರೆ ಯೋಧಧರ್ಮ, ಎಂಬ ಪುಸ್ತಕ ಬರೆದಿದ್ದರು. ನೋವನ್ನು ನುಂಗಿ ನಿಲ್ಲುವ ಸಮುರಾಯಿಯನ್ನು ಜಗತ್ತಿಗೆ ಪರಿಚಯಿಸಿದರು. ಎರಡೂ ಬರೆದದ್ದು ಇಂಗ್ಲಿಷಿನಲ್ಲಿ, ಹೊರಗಿನ ಓದುಗರಿಗಾಗಿ. ನಮ್ಮಲ್ಲಿ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿ ಬಂದಂದಿನಿಂದ ಆ ದೇಶವೆಂದರೆ ಶಿಸ್ತು, ದುಡಿಮೆ, ಮಿತಭಾಷೆ ಎಂಬ ಚಿತ್ರ ನಿಂತುಬಿಟ್ಟಿದೆ.

ಈ ರಫ್ತು ಮಾಲನ್ನು ಚೆನ್ನಾಗಿ ಚುಚ್ಚಿ ನೋಡಿದವನು ಜಪಾನಿನ ಕಥೆಗಾರ ಅಕುಟಗಾವಾ. 1916ರಲ್ಲಿ, ಇನ್ನೂ ಇಪ್ಪತ್ತನಾಲ್ಕರ ಹುಡುಗ, ‘ಕರವಸ್ತ್ರ’ ಎಂಬ ಕಥೆ ಬರೆದ. ಅದರ ಪ್ರೊಫೆಸರನಲ್ಲಿ ನಿಟೊಬೆಯ ಛಾಯೆಯಿದೆ ಎಂಬುದು ಎಲ್ಲರೂ ಒಪ್ಪುವ ಮಾತು. ಶಿಷ್ಯನೊಬ್ಬನ ತಾಯಿ ಮನೆಗೆ ಬಂದು, ಮಗ ತೀರಿಕೊಂಡನೆಂದು ಮುಗುಳ್ನಗುತ್ತಲೇ ತಿಳಿಸುತ್ತಾಳೆ. ಪ್ರೊಫೆಸರಿಗೆ ಆಶ್ಚರ್ಯ. ಕೈಜಾರಿದ ಬೀಸಣಿಗೆಯನ್ನು ಎತ್ತಿಕೊಳ್ಳಲು ಬಗ್ಗಿದಾಗ ಮೇಜಿನ ಕೆಳಗೆ ಅವಳ ಕೈ ಕಾಣುತ್ತದೆ: ನಡುಗುತ್ತಾ ಕರವಸ್ತ್ರವನ್ನು ಹರಿಯುವಂತೆ ಹಿಂಡುತ್ತಿದೆ. ಆಹಾ, ಜಪಾನಿ ಸ್ತ್ರೀಯ ಬುಷಿಡೊ ಎಂದು ಅವರು ಉಬ್ಬಿಹೋಗುತ್ತಾರೆ. ಬೇರೆ ಯಾರಾದರೂ ಕಥೆಯನ್ನು ಅಲ್ಲಿಗೆ ನಿಲ್ಲಿಸುತ್ತಿದ್ದರು. ಅಕುಟಗಾವಾ ನಿಲ್ಲಿಸುವುದಿಲ್ಲ. ಪ್ರೊಫೆಸರು ಆಮೇಲೆ ಸ್ಟ್ರಿಂಡ್‌ಬರ್ಗನ ನಾಟಕವಿಮರ್ಶೆಯ ಪುಸ್ತಕ ತೆರೆಯುತ್ತಾರೆ. ಮುಖದಲ್ಲಿ ನಗುತ್ತಾ ಕೈಯಲ್ಲಿ ಕರವಸ್ತ್ರ ಹರಿಯುವುದು ಯುರೋಪಿನ ನಟಿಯೊಬ್ಬಳ ಹೆಸರಾಂತ ಅಭಿನಯವಾಗಿತ್ತು, ಈಗ ಅದು ಸವಕಲು ತಂತ್ರ ಎಂದು ಅಲ್ಲಿ ಬರೆದಿದೆ. ಪ್ರೊಫೆಸರ ನೆಮ್ಮದಿ ಕದಡುತ್ತದೆ. ಜಪಾನಿನ ಆತ್ಮವೆಂದುಕೊಂಡದ್ದು ಯುರೋಪಿನ ರಂಗದ ಮೇಲೆ ಎಂದೋ ಹಳತಾಗಿತ್ತು. ತಾಯಿಯ ದುಃಖ ಸುಳ್ಳೆಂದು ಕಥೆ ಹೇಳುವುದಿಲ್ಲ. ಅದನ್ನು ರಾಷ್ಟ್ರಗುಣವೆಂದು ಚೀಟಿ ಅಂಟಿಸಿದ ಕಣ್ಣನ್ನು ಗೇಲಿ ಮಾಡುತ್ತದೆ.

ಮತ್ತೆ ಕೊರಿಯಾಕ್ಕೆ ಬಂದರೆ, ಇವತ್ತಿನ ಸೋಲ್ ನಗರದ ಗಂಗ್ನಮ್ ಪ್ರದೇಶದಲ್ಲಿ ಸೌಂದರ್ಯ ಚಿಕಿತ್ಸಾಲಯಗಳ ಬೀದಿಗಳೇ ಇವೆ. ಅಲ್ಲಿಗೆ ಹೋಗುವ ಹುಡುಗಿಯರೆಲ್ಲ ಬಿಳಿಯರಾಗಲು ಹೊರಟಿದ್ದಾರೆ ಎಂಬುದು ಹಳಸಿದ ವಿವರಣೆ. ಅವರ ಎದುರಿಗಿರುವ ಯಜಮಾನ ಈಗ ಅಮೆರಿಕದ ಸೈನಿಕನಲ್ಲ. ಕೆಲಸ ಕೊಡುವ ಕೊರಿಯನ್ ಕಂಪನಿ. ಅರ್ಜಿಗೆ ಫೋಟೊ ಅಂಟಿಸುವುದು ಅಲ್ಲಿ ಬಹುಕಾಲದ ಪದ್ಧತಿ. 2017ರಲ್ಲಿ ಸರ್ಕಾರ ಸಾರ್ವಜನಿಕ ವಲಯದ ನೇಮಕಾತಿ ಅರ್ಜಿಗಳಿಂದ ಫೋಟೊ ತೆಗೆಸಿತು. 2018ರಲ್ಲಿ ಯುವತಿಯರು ತಮ್ಮ ಲಿಪ್‌ಸ್ಟಿಕ್, ಪೌಡರುಗಳನ್ನು ಪುಡಿಮಾಡಿ ಚಿತ್ರ ಹಂಚಿಕೊಳ್ಳುವ ಚಳವಳಿಯೇ ನಡೆಯಿತು. ಅದೇ ವರ್ಷ ಇಮ್ ಹ್ಯೊನ್‌ಜು ಎಂಬ ವಾರ್ತಾವಾಚಕಿ ಬೆಳಗಿನ ಟಿವಿ ವಾರ್ತೆಯನ್ನು ಕನ್ನಡಕ ಹಾಕಿಕೊಂಡು ಓದಿದ್ದು ದೇಶದಾದ್ಯಂತ ಸುದ್ದಿಯಾಯಿತು. ಕನ್ನಡಕ! ಗಂಡಸರು ಅದುವರೆಗೆ ಯಾರ ಗಮನಕ್ಕೂ ಬಾರದೆ ಹಾಕಿಕೊಂಡೇ ಓದುತ್ತಿದ್ದರು.

ಚೀನಾದಲ್ಲಿ ಗಾಳಿ ತಿರುಗಿ ಬೀಸಿತು. 2021ರ ಕೊನೆಯಲ್ಲಿ ಒಂದು ತಿಂಡಿ ಕಂಪನಿಯ ಜಾಹೀರಾತಿನಲ್ಲಿ ಕಿರುಗಣ್ಣಿನ ರೂಪದರ್ಶಿ ಕಾಣಿಸಿಕೊಂಡದ್ದಕ್ಕೆ ಜನ ಸಿಟ್ಟಾದರು. ಇದು ಪಾಶ್ಚಾತ್ಯರು ನಮ್ಮನ್ನು ಅಣಕಿಸಲು ಕಟ್ಟಿದ ಮುಖ, ನಮ್ಮವರೇ ಅದನ್ನು ತೋರಿಸಬೇಕೇ ಎಂಬುದು ಆಕ್ಷೇಪ. ಕಂಪನಿ ಕ್ಷಮೆ ಕೇಳಿತು. ಆ ಹುಡುಗಿಯ ಕಣ್ಣು ಇದ್ದದ್ದೇ ಹಾಗೆ. ಹುಟ್ಟಿದ ಮುಖವೇ ದೇಶಕ್ಕೆ ಅವಮಾನ ಎನ್ನಿಸಿಕೊಂಡ ಮೇಲೆ ಆಕೆ ಎಲ್ಲಿ ಹೋಗಬೇಕು? ಅಣಕಿಸುವವನಿಗೆ ಹೆದರಿ ಕನ್ನಡಿಯನ್ನು ತಿದ್ದಹೊರಟರೆ ಹೀಗಾಗುತ್ತದೆ.

ಕೊನೆಯದಾಗಿ ಬೆಂಗಳೂರು. ನಮ್ಮ ನಗರದ ಬ್ಯೂಟಿ ಪಾರ್ಲರುಗಳಲ್ಲಿ ಮಣಿಪುರ, ನಾಗಾಲ್ಯಾಂಡ್, ಮಿಜೋರಾಂ ಕಡೆಯ ಹೆಣ್ಣುಮಕ್ಕಳು ಎಷ್ಟು ಜನ ಕೆಲಸ ಮಾಡುತ್ತಾರೆ ಎಂಬುದು ಹುಬ್ಬು ತೆಗೆಸಿಕೊಳ್ಳಲು ಹೋಗುವವರಿಗೆಲ್ಲ ಗೊತ್ತು. ಇತರರ ಅಂದವನ್ನು ತಿದ್ದುವುದು ಅವರ ದುಡಿಮೆ; ಅವರ ಮುಖವನ್ನು ಸಿನಿಮಾದವರು ಮುಟ್ಟುವುದಿಲ್ಲ. ಮಣಿಪುರದ ಬಾಕ್ಸರ್ ಮೇರಿ ಕೋಮ್ ಅವರ ಜೀವನದ ಮೇಲೆ 2014ರಲ್ಲಿ ಬಂದ ಹಿಂದಿ ಚಿತ್ರದಲ್ಲಿ ನಾಯಕಿಯಾದವರು ಪ್ರಿಯಾಂಕಾ ಚೋಪ್ರಾ. ಮಣಿಪುರದಲ್ಲಿ ಉಗ್ರಗಾಮಿ ಸಂಘಟನೆಯೊಂದು 2000ದಲ್ಲಿ ಹಿಂದಿ ಚಿತ್ರಗಳಿಗೆ ನಿಷೇಧ ಹೇರಿದ ಮೇಲೆ ಆ ಜಾಗಕ್ಕೆ ಕೊರಿಯಾದ ಧಾರಾವಾಹಿಗಳು ಬಂದವು. ಅಲ್ಲಿನ ಹುಡುಗ ಹುಡುಗಿಯರಿಗೆ ತೆರೆಯ ಮೇಲೆ ತಮ್ಮನ್ನು ಹೋಲುವ ಮುಖ ಪ್ರೇಮಿಸುವುದು, ಜಗಳಾಡುವುದು, ಬಿಕ್ಕಿಬಿಕ್ಕಿ ಅಳುವುದು ಕಂಡಿತು. ಕೊರಿಯಾದ ಧಾರಾವಾಹಿಯಷ್ಟು ಅಳು ನಮ್ಮ ಕನ್ನಡ ಧಾರಾವಾಹಿಗಳಲ್ಲೂ ಇದೆಯೋ ಇಲ್ಲವೋ. ‘ನಿರ್ಭಾವುಕ’ ಪೌರ್ವಾತ್ಯರಂತೆ!

2012ರ ಆಗಸ್ಟಿನಲ್ಲಿ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದ್ದು ನಿಮಗೆ ನೆನಪಿರಬಹುದು. ಹೊರಟವರಲ್ಲಿ ಹಲವರು ತಿರುಗಿ ಬಂದರು. ಅದಾದ ಮೇಲೆ, ನಮ್ಮ ಬಡಾವಣೆಯ ಒಂದು ಪಾರ್ಲರಿನಲ್ಲಿ ನಾನು ಸರದಿ ಕಾಯುತ್ತಿದ್ದೆ. ಕುರ್ಚಿಯಲ್ಲಿ ಒರಗಿದ್ದಾಕೆ ಕಣ್ಣುಮುಚ್ಚಿಕೊಂಡೇ ಕೇಳಿದರು: ‘ಎಲ್ಲಿಯವಳಮ್ಮಾ ನೀನು? ನೇಪಾಳಾನಾ?’ ಹುಡುಗಿ ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಹುಬ್ಬಿನ ಒಂದು ಸಾಲು ಮುಗಿಸಿ, ದಾರ ಬಿಟ್ಟು, ‘ಮಣಿಪುರ, ಮ್ಯಾಡಮ್’ ಎಂದಳು. ‘ಅಲ್ಲೆಲ್ಲ ನಾಯಿ ತಿಂತಾರಂತಲ್ಲ?’ ಹುಡುಗಿ ದಾರವನ್ನು ಮತ್ತೆ ಕಚ್ಚಿಕೊಂಡಳು. ಕುರ್ಚಿಯಲ್ಲಿದ್ದಾಕೆ ಹೋಗುವಾಗ ನನ್ನ ಕಡೆ ಬಗ್ಗಿ, ‘ಏನಂದ್ರೂ ಮುಖದಲ್ಲಿ ಒಂದು ಭಾವ ಇಲ್ಲ ನೋಡಿ ಇವಕ್ಕೆ’ ಎಂದರು. ಬಾಗಿಲು ಮುಚ್ಚಿದ್ದೇ ತಡ, ಒಳಗಿನ ಪರದೆಯ ಹಿಂದೆ ಮೂವರು ಹುಡುಗಿಯರು ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಂಡು ಬಿದ್ದುಬಿದ್ದು ನಕ್ಕರು. ಒಬ್ಬಳು ಕುರ್ಚಿಯಲ್ಲಿ ಒರಗುವ ಭಂಗಿಯನ್ನು ಮಾಡಿ ತೋರಿಸುತ್ತಿದ್ದಳೆಂದು ಪರದೆಯ ಸಂದಿಯಲ್ಲಿ ಕಂಡಿತು. ಭರತನ ಲೆಕ್ಕದಲ್ಲಿ ಅದು ಆರನೆಯ ನಗೆ.

ಮುಂದಿನ ಸಾಲಿನಲ್ಲಿ ಎಂ.ಎ. ವಿದ್ಯಾರ್ಥಿಗಳು ಕೂತಿದ್ದೀರಿ, ಸಂಶೋಧನೆಗೆ ವಿಷಯ ಸಿಗುತ್ತಿಲ್ಲವೆಂದು ಪರದಾಡುವವರೂ ಇರಬೇಕು. ಬೆಂಗಳೂರಿನ ಪಾರ್ಲರುಗಳ ಒಳಕೋಣೆಯಲ್ಲಿ ನಮ್ಮ ಮುಖಗಳ ಬಗ್ಗೆ, ನಮ್ಮ ದೊಡ್ಡ ದನಿಯ ಬಗ್ಗೆ, ಬಿಲ್ ಕೊಡುವಾಗಿನ ನಮ್ಮ ಹುಬ್ಬುಗಂಟಿನ ಬಗ್ಗೆ ಮಣಿಪುರಿಯಲ್ಲಿ, ತಂಗ್‌ಖುಲ್‌ನಲ್ಲಿ, ಮಿಜೋದಲ್ಲಿ ಏನೇನು ಮಾತು ನಡೆಯುತ್ತದೆ ಎಂಬುದನ್ನು ಕನ್ನಡದಲ್ಲಿ ಯಾರಾದರೂ ಬರೆದದ್ದನ್ನು ನಾನು ಓದಿಲ್ಲ. ಕೈಹಾಕುವವರು ಮೊದಲು ಆ ಭಾಷೆಗಳಲ್ಲಿ ಒಂದನ್ನು ಕಲಿಯಬೇಕಾಗುತ್ತದೆ. ಪ್ರಶ್ನಾವಳಿಯ ಹಾಳೆ ಹಿಡಿದು ಗಿರಾಕಿಯ ಕುರ್ಚಿಯಲ್ಲಿ ಕೂತು ಕೇಳಿದರೆ ಮಾತ್ರ ಎರಡು ಮಾತಿನ ಉತ್ತರವೇ ಸಿಗುತ್ತದೆ.